ಬರತೀನಿ ಅಂದ್ರ ಹೋಗ್ತೀನಂತ: ಪದಕ್ಕೆ ಧಾಟಿ ಕೂಡಿಸುತ್ತ ಕಲಿತ ಪಾಠಗಳು

ನಮ್ಮ ಗೋಪನಕೊಪ್ಪದಲ್ಲಿ ಹೊಸ್ತಿಲು ದಾಟುವಾಗ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ. ಅಂದರೆ ಒಳಗಿನಿಂದ ಹಿರಿಯರು ಬೈಯುತ್ತಾರೆ. ‘ಬರತೀನ್ರಿ’ ಅನ್ನಬೇಕು. ಬಾಯಿ ಬರುತ್ತೇನೆ ಅನ್ನುತ್ತದೆ, ಕಾಲು ಹೋಗುತ್ತಿರುತ್ತದೆ. ಹಾಗೆ ಹೇಳಿದವನು ಸಂಜೆಗೆ ಬರುವವನೋ, ವರ್ಷಕ್ಕೆ ಬರುವವನೋ, ಮತ್ತೆ ಬಾರದವನೋ ಎಂಬುದು ಆ ಅಕ್ಷರಗಳಲ್ಲಿ ಇಲ್ಲ. ಅದು ಹೇಳಿದ ಧಾಟಿಯಲ್ಲಿದೆ.

ಹುಬ್ಬಳ್ಳಿ ಬೆಳೆಯುತ್ತ ಬೆಳೆಯುತ್ತ ನಮ್ಮೂರನ್ನು ಹೊಟ್ಟೆಗೆ ಹಾಕಿಕೊಂಡಿತು. ಹಳೇ ಓಣಿಯ ಭಜನಿ ಮೇಳದಲ್ಲಿ ತಾಳ ಹಿಡಿದು ಶುರು ಮಾಡಿದವನು ನಾನು. ಆಮೇಲೆ ಪೇಟಿ, ಅಂದರೆ ಹಾರ್ಮೋನಿಯಂ, ಕಲಿತೆ. ನಾಟಕಕ್ಕೆ, ಸಾಲಿಯ ಗ್ಯಾದರಿಂಗಿಗೆ, ಜಾತ್ರೆಗೆ, ಕ್ಯಾಸೆಟ್ಟಿಗೆ, ಈಗ ಮೊಬೈಲಿಗೆ ಪದ ಬರೆದು ಧಾಟಿ ಹಾಕುತ್ತ ಮೂವತ್ತು ವರ್ಷ ಆಯಿತು. ಗೆದ್ದ ಹಾಡುಗಳಿಂದ ನಾನು ಹೆಚ್ಚೇನೂ ಕಲಿಯಲಿಲ್ಲ. ಕೆಳಗಿನವೆಲ್ಲ ಕೆಟ್ಟ ಹಾಡುಗಳು ಕಲಿಸಿದ ಪಾಠ.

1. ಪೇಟಿ ತೆಗೆಯುವ ಮೊದಲು ಸಾಲನ್ನು ಆಡಿ ನೋಡು

ಪದ ಕೈಗೆ ಬಂದ ಕೂಡಲೇ ಪೇಟಿಯ ತಿದಿ ಒತ್ತುವುದು ಹೊಸಬರ ಚಟ. ನನಗೂ ಇತ್ತು. ಬೆರಳಿಗೆ ರೂಢಿಯಾದ ನಾಲ್ಕು ಧಾಟಿ ಇರುತ್ತವೆ. ಪದ ಯಾವುದೇ ಇರಲಿ, ಬೆರಳು ಅಲ್ಲಿಗೇ ಓಡುತ್ತದೆ. ಈಗ ಎರಡು ದಿನ ಪೇಟಿ ಮುಟ್ಟುವುದಿಲ್ಲ. ಸಾಲನ್ನು ಬರೀ ಮಾತಿನಂತೆ ಆಡಿಕೊಳ್ಳುತ್ತ ಓಣಿಯಲ್ಲಿ ಅಡ್ಡಾಡುತ್ತೇನೆ.

ಮಾತಿಗೇ ಒಂದು ಏರಿಳಿತ ಇದೆ. ‘ಹೌದಾ?’ ಎಂದು ಕೇಳುವಾಗ ದನಿ ಏರುತ್ತದೆ, ‘ಹೌದು’ ಎಂದು ಒಪ್ಪುವಾಗ ಇಳಿಯುತ್ತದೆ. ‘ಹೌ...ದು’ ಎಂದು ನಡುವೆ ಎಳೆದರೆ ಅದು ಒಪ್ಪಿಗೆಯಲ್ಲ, ಅನುಮಾನ. ಪ್ರಶ್ನೆಯ ಸಾಲನ್ನು ತಂದು ಷಡ್ಜದಲ್ಲಿ ಕೂಡಿಸಿದರೆ ಕೇಳುವವರಿಗೆ ಅದು ಪ್ರಶ್ನೆ ಅನಿಸುವುದೇ ಇಲ್ಲ.

ಬೆಳಿಗ್ಗೆ ಗಾಡಿ ತಳ್ಳಿಕೊಂಡು ಬರುವ ಕಾಯಿಪಲ್ಯದವಳು ‘ಮೆಂತ್ಯಾ... ಕೊತ್ತಂಬ್ರೀ...’ ಎಂದು ಕೂಗುವುದನ್ನು ಕೇಳಿ. ಎಷ್ಟೇ ಎಳೆದರೂ ಅವಳು ಎಳೆಯುವುದು ಕಡೆಯ ಅಕ್ಷರವನ್ನು. ಮೊದಲಿನವು ಹೇಗಿವೆಯೋ ಹಾಗೇ ಇರುತ್ತವೆ. ಯಾರೂ ಕಲಿಸದೆ ಅವಳಿಗೆ ಬಂದ ಈ ಸೂತ್ರವನ್ನು ನಾನು ಕಲಿತದ್ದು ತುಂಬಿದ ಸಭೆಯಲ್ಲಿ ನಗೆಪಾಟಲಾಗಿ.

2. ತಲೆ ಎಳೆಯಬೇಡ, ಬಾಲ ಎಳೆ

ರೈತರ ಕಾರ್ಯಕ್ರಮವೊಂದಕ್ಕೆ ಹಾಡು ಮಾಡಿದ್ದೆ. ‘ಬೆಳೆ ಬಂತು, ಬೆಳೆ ಬಂತು, ಭೂಮಿ ನಕ್ಕಿತು’ ಎಂದು ಪಲ್ಲವಿ. ಯಮನ್ ರಾಗ. ಮೊದಲ ಅಕ್ಷರವನ್ನು ನಿಷಾದದಿಂದ ಎತ್ತಿ ರಿಷಭ ದಾಟಿಸಿ ಗಾಂಧಾರದವರೆಗೆ ತೂಗಿದ್ದೆ. ಕೋಣೆಯಲ್ಲಿ ಕೂತು ಹಾಡಿಕೊಂಡಾಗ ನನಗೇ ಕಣ್ಣು ತುಂಬಿ ಬಂದಿತ್ತು. ವೇದಿಕೆಯ ಮೇಲೆ ಹಾಡಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಯಜಮಾನರೊಬ್ಬರು ಪಕ್ಕದವರಿಗೆ ಹೇಳಿದರು, ಮೈಕಿಗೂ ಕೇಳುವಷ್ಟು ಗಟ್ಟಿಯಾಗಿ: ‘ಬ್ಯಾಳಿ ಬಂತಂತ. ತೊಗರಿದೋ ಕಡ್ಲಿದೋ, ಮೊದ್ಲ ಅದನ್ನ ಹೇಳಂತ ಹೇಳ್ರಿ.’

ನನ್ನ ಯಮನ್ ‘ಬೆ’ಯನ್ನು ‘ಬೇ’ ಮಾಡಿತ್ತು. ಹೊಲದಲ್ಲಿದ್ದ ಬೆಳೆ ಹಾಡಿನಲ್ಲಿ ಬೇಳೆಯಾಗಿ ಡಬ್ಬಿ ಸೇರಿತ್ತು.

ಕನ್ನಡದಲ್ಲಿ ಹ್ರಸ್ವ ದೀರ್ಘಗಳನ್ನು ಹಾಡುವವನ ಮರ್ಜಿಗೆ ಬಿಡುವಂತಿಲ್ಲ, ಅವು ಅರ್ಥವನ್ನೇ ಹೊತ್ತಿರುತ್ತವೆ. ಬಳೆ ಎಳೆದರೆ ಬಾಳೆ, ಕೊಡು ಎಳೆದರೆ ಕೋಡು, ಮರ ಎಳೆದರೆ ಮಾರ, ಬಿಡು ಎಳೆದರೆ ಬೀಡು. ಪೆಟ್ಟು ತಪ್ಪಿದರೂ ಹೀಗೇ. ‘ಕತೆ’ಯ ಎರಡನೆಯ ಅಕ್ಷರಕ್ಕೆ ತಬಲಾದ ಪೆಟ್ಟನ್ನು ಒತ್ತಿ ಕೊಟ್ಟರೆ ಕತ್ತೆ ಬಂದು ನಿಲ್ಲುತ್ತದೆ. ನಾನು ಆ ಹಾಡಿನ ಸ್ವರಗಳನ್ನು ಬದಲಿಸಲಿಲ್ಲ. ‘ಬೆ’ಗೆ ಒಂದೇ ಸ್ವರ ಕೊಟ್ಟು ಥಟ್ಟನೆ ದಾಟಿ, ತೂಗುವ ಕೆಲಸವನ್ನೆಲ್ಲ ‘ಳೆ’ಗೆ ವಹಿಸಿದೆ. ಅವೇ ಸ್ವರ, ಅದೇ ರಾಗ. ಬೆಳೆ ಹೊಲಕ್ಕೆ ವಾಪಸ್ಸು ಹೋಯಿತು.

3. ಮಾತ್ರೆ ಎಣಿಸಿ ತಾಳ ಹಿಡಿ

‘ಯಾವ ತಾಳ ಹಾಕ್ಲಿ?’ ಎಂದು ತಬಲಾದವರನ್ನು ಕೇಳುವ ಮೊದಲು ಸಾಲನ್ನೇ ಕೇಳಬೇಕು. ಕನ್ನಡ ಪದ್ಯ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳಲ್ಲಿ ನಡೆಯುತ್ತದೆ, ಮತ್ತು ಪ್ರತಿ ನಡಿಗೆಗೂ ಹೊಂದುವ ತಾಳ ನಮ್ಮ ಭಾಗದ ಹಿಂದೂಸ್ತಾನಿಯಲ್ಲಿ ಸಿದ್ಧವಾಗಿದೆ. ‘ಕುಣಿದು ನಡೆದು ಬಂದ ನೋಡು’ ಎಂಬಂಥ ಮೂರರ ನಡಿಗೆಗೆ 6 ಮಾತ್ರೆಯ ದಾದ್ರಾ. ‘ಮಳೆಯಲಿ ನೆನೆಯುತ ಬಂದಳು ತಂಗೀ’ ಎಂಬ ನಾಲ್ಕರ ನಡಿಗೆಗೆ 8 ಮಾತ್ರೆಯ ಕೆಹರವಾ. ‘ಊರಾಚೆ ಬಂದಿತ್ತು ಹೊಸದೊಂದು ಮೋಟಾರು’ ಎಂಬ ಐದರ ನಡಿಗೆಗೆ 10 ಮಾತ್ರೆಯ ಝಪತಾಳ. ಝಪತಾಳದ 2-3-2-3 ವಿಭಾಗ ಈ ಸಾಲಿನಲ್ಲಿ ಹೇಗೆ ಕೂಡುತ್ತದೆ ನೋಡಿ: ಊ-ರಾಚೆ, ಬಂ-ದಿತ್ತು, ಹೊಸ-ದೊಂದು, ಮೋ-ಟಾರು. ಕತ್ತರಿಸಿ ಹೊಲಿದ ಅಂಗಿಯ ಹಾಗೆ.

ನಾನು ಎಡವಿದ್ದು ಭಾಮಿನಿ ಷಟ್ಪದಿಯಲ್ಲಿ. ‘ಹೊಲದ ಬದುವಲಿ ನಿಂತ ಮುದುಕನು’ ಎಂದು ಬರೆದು, ಎಲ್ಲದಕ್ಕೂ ಆಗುತ್ತದೆ ಎಂದು ಕೆಹರವಾ ಹಾಕಿಸಿದೆ. ಸಾಲಿನಲ್ಲಿ 14 ಮಾತ್ರೆ, ತಾಳದ ಎರಡು ಸುತ್ತಿಗೆ 16. ಉಳಿದ ಎರಡು ಮಾತ್ರೆಗೆ ‘ಓ’ ಸೇರಿಸಿದೆ, ‘ಹೋ’ ಸೇರಿಸಿದೆ. ಮುದುಕ ಹೊಲದ ಬದುವಿನಲ್ಲಿ ನಿಂತು ಯಾರನ್ನೋ ಕೂಗುತ್ತಿರುವಂತೆ ಆಯಿತು. ಅವನು ಸುಮ್ಮನೆ ನಿಂತಿರಬೇಕಿತ್ತು. ಆಗ ತಬಲಾದ ಮಾಮಾ ತಾವೇ 7 ಮಾತ್ರೆಯ ರೂಪಕ ಹಿಡಿದರು. ಭಾಮಿನಿಯ 3+4 ಅದರಲ್ಲಿ ಹಾಗೇ ಇಳಿಯಿತು. ರೂಪಕದಲ್ಲಿ ಸಮವೇ ಖಾಲಿ. ಡಗ್ಗಾ ಗುಮ್ಮೆನ್ನುವುದು ನಾಲ್ಕನೇ ಮಾತ್ರೆಗೆ. ಹೀಗಾಗಿ ‘ಹೊಲದ’, ‘ನಿಂತ’ ಹಗುರಾಗಿ ಹೋಗಿ, ಭಾರವೆಲ್ಲ ‘ಬದುವಲಿ’, ‘ಮುದುಕನು’ ಮೇಲೆ ಬಿತ್ತು. ಅರ್ಥ ಇದ್ದದ್ದೂ ಅಲ್ಲೇ.

ತಾಳವನ್ನೇ ಬಿಡಬೇಕಾದ ಸಂದರ್ಭವೂ ಇದೆ. ಗದುಗಿನ ಭಾರತವನ್ನು ಓದುವ ಗಮಕಿಗಳು ರಾಗ ಇಟ್ಟುಕೊಂಡು ತಾಳ ಬಿಡುತ್ತಾರೆ, ಏಕೆಂದರೆ ಅಲ್ಲಿ ಕಥೆ ನಿಲ್ಲುವ ಜಾಗ ತಾಳ ನಿಲ್ಲುವ ಜಾಗವಲ್ಲ. ವಚನಗಳೂ ಎಣಿಕೆಗೆ ಸಿಗುವ ಪದ್ಯಗಳಲ್ಲ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯವರು ವಚನಗಳನ್ನು ಕಛೇರಿಗೆ ತಂದಾಗ ಹೊಂದಿಸಬೇಕಾಗಿದ್ದು ಇದನ್ನೇ: ಮಾತಿನ ಓಟ ಕೆಡಬಾರದು, ಸಂಗೀತವೂ ಸೊರಗಬಾರದು. ವಚನಕ್ಕೆ ಧಾಟಿ ಹಾಕುವವರಿಗೆ ನನ್ನದೊಂದೇ ಮಾತು. ಕಡೆಗೆ ಬರುವ ಅಂಕಿತವನ್ನು ತಾಳ ಮುಗಿಯಿತೆಂದು ಅವಸರದಲ್ಲಿ ತಳ್ಳಬೇಡಿ. ಅಲ್ಲಿಯವರೆಗೆ ನಮಗೆ ಹೇಳಿದ್ದನ್ನೆಲ್ಲ ವಚನಕಾರ ದೇವರ ಕಡೆ ತಿರುಗಿ ಒಪ್ಪಿಸುವ ಜಾಗ ಅದು.

4. ಎಲ್ಲಿ ಉಸಿರು, ಎಲ್ಲಿ ಮರುಕಳಿಕೆ: ಕ್ರಿಯಾಪದವನ್ನು ಕೇಳು

ಕನ್ನಡದ ವಾಕ್ಯ ತನ್ನ ನಿಜವನ್ನು ಕಡೆಯವರೆಗೆ ಬಚ್ಚಿಟ್ಟುಕೊಳ್ಳುತ್ತದೆ. ಕ್ರಿಯಾಪದ ಕಡೆಗೆ, ‘ಇಲ್ಲ’ ‘ಬೇಡ’ ಅದಕ್ಕೂ ಕಡೆಗೆ. ಇದು ಹಾಡುವವರಿಗೆ ದೊಡ್ಡ ಗುಂಡಿ.

‘ನಿನ್ನ ನಾನು ಮರೆತೆನೆಂದು ತಿಳಿಯಬೇಡ ಗೆಳೆಯಾ’ ಎಂದು ಬರೆದುಕೊಟ್ಟಿದ್ದೆ. ಹಾಡಿದ ಹುಡುಗನ ಗಂಟಲು ಚೆಂದ, ತಯಾರಿಯೂ ಇತ್ತು. ಠುಮ್ರಿಯ ಹಾಗೆ ಸಾಲನ್ನು ಅರ್ಧಕ್ಕೆ ಕಡಿದು, ‘ನಿನ್ನ ನಾನು ಮರೆತೆ...’ ಎಂದು ನಾಲ್ಕು ಸಲ ನಾಲ್ಕು ಬಗೆಯಲ್ಲಿ ಹಾಡಿದ. ಸಭೆಯಲ್ಲಿದ್ದ ಕಾಕಾ ಒಬ್ಬರಿಗೆ ತಡೆಯಲಾಗಲಿಲ್ಲ. ‘ತಮ್ಮಾ, ಮರತಿಯೋ ಇಲ್ಲೋ? ಒಂದ್ ಹೇಳಿಬಿಡು.’

ಹುಡುಗನದಲ್ಲ ತಪ್ಪು, ನನ್ನದು. ಮರುಕಳಿಸುವ ತುಂಡು ತಾನೇ ಒಂದು ಪೂರ್ತಿ ಅರ್ಥ ಆಗಿರುವಂತೆ ಬರೆಯಬೇಕಿತ್ತು. ‘ಮರೆತಿಲ್ಲ ಗೆಳೆಯಾ’ ಎಂದು ಮೊದಲೇ ತಂದಿದ್ದರೆ ಅವನು ನೂರು ಸಲ ಹಾಡಿದರೂ ಗೆಳೆಯನಿಗೆ ಅನುಮಾನ ಬರುತ್ತಿರಲಿಲ್ಲ.

ಎಲ್ಲಿ ಮರುಕಳಿಸಬೇಕು ಎಂಬುದನ್ನು ಬೀಸುವ ಕಲ್ಲಿನ ಹಾಡಿನಿಂದ ಕಲಿಯಬೇಕು. ತ್ರಿಪದಿಯನ್ನು ಬರೆದರೆ ಮೂರು ಸಾಲು, ಹಾಡಿದರೆ ನಾಲ್ಕು, ಎರಡನೆಯ ಸಾಲು ತಿರುಗಿ ಬರುತ್ತದೆ. ಅದು ಜಾಗ ತುಂಬುವುದಕ್ಕಲ್ಲ. ಮೂರನೆಯ ಸಾಲಿನಲ್ಲಿ ಇರುವ ಚುಚ್ಚು ಬರುವ ಮೊದಲು ಕಲ್ಲು ಇನ್ನೊಂದು ಸುತ್ತು ತಿರುಗಲಿ, ಕೇಳುವವಳು ಕಾಯಲಿ ಅಂತ.

5. ತಲೆಯ ಪ್ರಾಸಕ್ಕೆ ದಾರಿ ಬಿಡು

ಸಿನಿಮಾ ಹಾಡು ಕೇಳಿ ಕೇಳಿ ನಮಗೆ ಪ್ರಾಸ ಅಂದರೆ ಸಾಲಿನ ಕಡೆಯದು ಎನಿಸಿಬಿಟ್ಟಿದೆ. ಕನ್ನಡದ ಹಳೇ ರೂಢಿ ಎರಡನೆಯ ಅಕ್ಷರದ ಪ್ರಾಸ. ‘ಬಳಿಗಾರ ಬಂದಾನ ಕೇರ್ಯಾಗ, ಗಿಳಿಹಸರ ತಂದಾನ ಚೀಲದಾಗ’ ಎಂದು ಬರೆದೆ. ಬಳಿ, ಗಿಳಿ: ಕಿವಿ ಹಿಡಿಯಬೇಕಾದದ್ದು ಆ ‘ಳಿ’ಯನ್ನು. ಆದರೆ ಕೀಬೋರ್ಡ್ ನುಡಿಸುವವನು ಪ್ರತಿ ಸಾಲಿನ ಬಾಗಿಲಲ್ಲೇ ಢೋಲಕ್ಕಿನ ಗದ್ದಲ ಇಟ್ಟ. ಪ್ರಾಸ ಒಳಗೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಗದ್ದಲವನ್ನು ಸಾಲಿನ ಬಾಲಕ್ಕೆ ಸರಿಸಿದ ಮೇಲೆ ಮಕ್ಕಳು ಎರಡೇ ಸಲ ಕೇಳಿ ಬಾಯಿಪಾಠ ಮಾಡಿಕೊಂಡರು.

6. ಧಾಟಿ ಮೊದಲಾದರೆ ಸ್ವರಗಳನ್ನು ಎಣಿಸು

ಈಗಿನ ಕೆಲಸದಲ್ಲಿ ಅರ್ಧ ಹೀಗೇ: ಧಾಟಿ ಮೊಬೈಲಿಗೆ ಬರುತ್ತದೆ, ‘ತನನ’ ಎಂದು ಗುನುಗಿದ್ದು, ಅದಕ್ಕೆ ಮಾತು ಕೂಡಿಸಬೇಕು. ಇದನ್ನು ಕೀಳೆಂದು ನಾನು ತಿಳಿದಿಲ್ಲ. ಚಿ. ಉದಯಶಂಕರ್ ಅವರಂಥವರು ಇದನ್ನೇ ಕಲೆ ಮಾಡಿದರು. 1987ರ ‘ಪ್ರೇಮಲೋಕ’ದ ಹಂಸಲೇಖ ಅವರಲ್ಲಿ ಮಾತೂ ಧಾಟಿಯೂ ಒಂದೇ ತಲೆಯಿಂದ ಬಂದವು. ನಮ್ಮಂಥವರು ಪಾಲಿಸಬೇಕಾದ ನಿಯಮ ಸಣ್ಣದು. ಉದ್ದ ಸ್ವರ ಬಂದಲ್ಲಿ ದೀರ್ಘಾಕ್ಷರ ಇಡು, ಮೇಲಿನ ಷಡ್ಜದಲ್ಲಿ ನಿಲ್ಲಬೇಕಾದಲ್ಲಿ ‘ಆ’ ‘ಓ’ ಇರುವ ಅಕ್ಷರ ಇಡು. ಅಲ್ಲಿ ‘ಇ’ ಇಟ್ಟರೆ ಹಾಡುವವರ ಗಂಟಲು ಬಿಗಿಯುತ್ತದೆ, ಕೇಳುವವರದ್ದೂ.

7. ರಾಗ ಔಷಧದ ಬಾಟಲಿ ಅಲ್ಲ

‘ಸರ್, ದುಃಖಕ್ಕ ಯಾವ ರಾಗ ಬೆಸ್ಟ್?’ ಎಂದು ಹುಡುಗರು ಕೇಳುತ್ತಾರೆ, ಅಂಗಡಿಯಲ್ಲಿ ಕೆಮ್ಮಿಗೆ ಔಷಧ ಕೇಳಿದ ಹಾಗೆ. ನಮ್ಮೂರಲ್ಲಿ ಭೈರವಿಯಲ್ಲಿ ಭಜನೆ ಕೇಳಿದ್ದೇನೆ, ಕಛೇರಿಯ ಮಂಗಳ ಕೇಳಿದ್ದೇನೆ, ಪ್ರೀತಿಯ ಠುಮ್ರಿ ಕೇಳಿದ್ದೇನೆ, ತತ್ವಪದ ಕೇಳಿದ್ದೇನೆ. ದುಃಖ ಭೈರವಿಯಲ್ಲೇ ಇದ್ದಿದ್ದರೆ ಇಷ್ಟು ಜನ ಅದನ್ನು ಹಾಡುತ್ತಿರಲಿಲ್ಲ.

ಹಾಗಾದರೆ ಮಾತು ಎಷ್ಟು ಮುಖ್ಯ? ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲೇ ಎರಡು ಉತ್ತರ ಇವೆ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಮತ್ತು ಗದುಗಿನ ಭೀಮಸೇನ ಜೋಶಿ. ಅವರ ಖಯಾಲನ್ನು ಕೇಳಲು ಜನ ರಾತ್ರಿಯಿಡೀ ಕೂಡುತ್ತಿದ್ದರು. ಎರಡು ಸಾಲಿನ ಆ ಬಂದಿಶಿನ ಬ್ರಜ ಭಾಷೆ ಎಷ್ಟು ಜನಕ್ಕೆ ತಿಳಿಯುತ್ತಿತ್ತು? ಯಾರೂ ಕೇಳುತ್ತಿರಲಿಲ್ಲ. ಆದರೆ ಅದೇ ಭೀಮಸೇನರು ದಾಸವಾಣಿಗೆ ಕೂತಾಗ ಪುರಂದರದಾಸರ ಮಾತು ಮುಂದೆ ನಿಲ್ಲುತ್ತಿತ್ತು, ತಾನಗಳು ಹಿಂದೆ ಸರಿಯುತ್ತಿದ್ದವು. ಅದೇ ಗಂಟಲು, ಶಿಸ್ತು ಬೇರೆ. ಖಯಾಲಿನಲ್ಲಿ ಮಾತು ಗೂಟ, ರಾಗ ಅದರ ಸುತ್ತ ಮೇಯುತ್ತದೆ. ಪದದಲ್ಲಿ ಮಾತು ಎತ್ತು, ಬಂಡಿಯನ್ನು ಅದೇ ಎಳೆಯಬೇಕು.

ನಾನು ನಂಬುವುದು ರಾಗವನ್ನಲ್ಲ, ಮಾತಿನ ಕೆಳಗೆ ಬೀಳುವ ಸ್ವರವನ್ನು. ಒಂದು ಜೋಗುಳ ಮಾಡಿದ್ದೆ, ಭೂಪ ರಾಗದಲ್ಲಿ. ಐದೇ ಸ್ವರ, ಎಲ್ಲೂ ಮುಳ್ಳಿಲ್ಲ. ‘ಅಪ್ಪ ಬರ್ತಾನ, ಮಲಗೋ ಕಂದಾ’ ಎಂಬುದು ತಿರುಗಿ ಬರುವ ಸಾಲು. ಮೂರನೆಯ ನುಡಿಗೆ ಬಂದಾಗ ತಾಯಿಗೇ ಅವನು ಬರುವ ಭರವಸೆ ಇಲ್ಲ. ಮಾತನ್ನು ಬದಲಿಸಲಿಲ್ಲ. ‘ಬರ್ತಾನ’ ಎಂಬಲ್ಲಿ ಗಾಂಧಾರವನ್ನು ಒಂದೇ ಒಂದು ಸಲ ಕೋಮಲ ಮಾಡಿ ಮತ್ತೆ ಭೂಪಕ್ಕೆ ಬಂದೆ. ರಾಗ ಕೆಡಿಸಿದಿ ಎಂದು ಬಲ್ಲವರು ಬೈದರು. ರಾಗದ ಹೆಸರೇ ಗೊತ್ತಿಲ್ಲದ ಪಕ್ಕದ ಮನೆಯ ಅತ್ತಿ ಅಲ್ಲಿಗೆ ಬರುತ್ತಲೇ ಕೈಯಲ್ಲಿನ ಕೆಲಸ ನಿಲ್ಲಿಸಿ ಕೇಳಿದಳು: ‘ಯಾಕ, ಅಂವಾ ಬರಂಗಿಲ್ಲೇನ?’

8. ಲಯ ಬದಲಾದರೆ ಹಾಡುವವನೇ ಬದಲಾಗುತ್ತಾನೆ

ಶಿಶುನಾಳ ಶರೀಫರದು (1819–1889) ನಮಗೆ ಮನೆಯ ಮಾತು. ಅವರ ಶಿಶುವಿನಹಾಳ ಶಿಗ್ಗಾಂವಿ ತಾಲೂಕಿನದು, ಅವರ ಗುರು ಗೋವಿಂದ ಭಟ್ಟರ ಕಳಸ ಕುಂದಗೋಳ ತಾಲೂಕಿನದು. ಮಾಳಿಗೆ ಸೋರುತ್ತಿದೆ ಎಂಬ ಅವರ ಪದ ಎಲ್ಲರಿಗೂ ಗೊತ್ತು. ಮಣ್ಣಿನ ಮಾಳಿಗೆಯಲ್ಲಿ ಬೆಳೆದ ನಮಗೆ ಅದರ ಮೊದಲ ಅರ್ಥಕ್ಕೆ ಗುರು ಬೇಕಿಲ್ಲ. ಮಳೆಗಾಲದಲ್ಲಿ ಮನೆಯ ತುಂಬ ಪಾತ್ರೆ ಇಟ್ಟು ತೊಟ್ಟಿಕ್ಕುವ ಸಪ್ಪಳ ಕೇಳುತ್ತ ಮಲಗಿದವರು ನಾವು. ಸೋರುವುದು ಮನೆಯಷ್ಟೇ ಅಲ್ಲ, ಈ ಮೈ ಕೂಡ ಎಂಬ ಎರಡನೆಯ ಅರ್ಥ ನಿಧಾನಕ್ಕೆ ಇಳಿಯುತ್ತದೆ.

ನಮ್ಮ ಭಜನಿ ಮೇಳದಲ್ಲಿ ಅದನ್ನು ಓಡುವ ಲಯದಲ್ಲಿ ಹಾಡುತ್ತಿದ್ದೆವು. ತಾಳ, ದಮ್ಮಡಿ, ನಡುರಾತ್ರಿ, ನಿದ್ದೆ ಬರಬಾರದು. ಆ ಲಯದಲ್ಲಿ ಪದ ಸಂಸಾರದ ಮೇಲೆ ನಗುತ್ತದೆ. ಹತ್ತು ಜನ ಕೂಡಿ ಹಾಡುವಾಗ ಎಲ್ಲರ ಮನೆಯೂ ಸೋರುತ್ತದೆ, ಹಾಗಾಗಿ ಯಾರಿಗೂ ಅಂಜಿಕೆ ಇಲ್ಲ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು, ಸಿ. ಅಶ್ವಥ್ ಅವರ ಸಂಗೀತದಲ್ಲಿ ಶರೀಫರ ಪದಗಳು ನಾಡಿನ ತುಂಬ ಹರಡಿದವು. ಆಮೇಲೆ ಒಂದು ದಿನ ಅದೇ ಪದವನ್ನು ನಾನು ಒಬ್ಬನೇ, ಏಕತಾರಿ ಹಿಡಿದು, ಲಯವನ್ನು ಅರ್ಧಕ್ಕೆ ಇಳಿಸಿ ಹಾಡಿದೆ. ನಗು ಮಾಯವಾಯಿತು. ಅಲ್ಲಿ ಸೋರುತ್ತಿದ್ದದ್ದು ನನ್ನೊಬ್ಬನ ಮಾಳಿಗೆ.

ಎರಡರಲ್ಲಿ ಯಾವುದು ಸರಿ ಎಂದು ಕೇಳಬೇಡಿ. ಯಾರು, ಯಾರಿಗೆ, ಎಷ್ಟು ಹೊತ್ತಿಗೆ ಹೇಳುತ್ತಿದ್ದಾರೆ ಎಂಬುದನ್ನು ಲಯ ತೀರ್ಮಾನ ಮಾಡುತ್ತದೆ. ಅದನ್ನು ಮೊದಲು ಗೊತ್ತು ಮಾಡಿಕೊಳ್ಳದೆ ತಬಲಾದವರಿಗೆ ‘ಸ್ವಲ್ಪ ಏರಿಸ್ರಿ’ ಅನ್ನಬಾರದು.

9. ಪಲ್ಲವಿ ತಿರುಗಿ ಬಂದಾಗ ಹೊಸಬನಾಗಿ ಬರಲಿ

ಪಲ್ಲವಿಯ ಮಾತೂ ಅದೇ, ಧಾಟಿಯೂ ಅದೇ. ಆದರೂ ಮೂರನೆಯ ಸಲ ಬಂದಾಗ ಅದು ಮೊದಲಿನ ಅರ್ಥವನ್ನೇ ಹೇಳಿದರೆ ಎರಡನೆಯ ಸಲವೇ ಅದಕ್ಕೆ ಕೆಲಸ ಇರಲಿಲ್ಲ. ನಾನು ಬರೆದ ಒಂದು ಪದದ ಪಲ್ಲವಿ ‘ಬಾಗಿಲಾ ತೆರದೈತಿ, ಒಳಗ ಬಾ’. ಮೊದಲ ನುಡಿ ಹಸಿದು ಬಂದ ದಾರಿಹೋಕನದು; ಅಲ್ಲಿ ಅದು ಕರೆ. ಎರಡನೆಯದು ಸಿಟ್ಟು ಮಾಡಿ ತವರಿಗೆ ಹೋದ ಸೊಸೆಯದು. ಅಲ್ಲಿ ಅದು ಸೋಲು, ಅತ್ತೆ ತನ್ನ ಹಟ ಬಿಟ್ಟ ಮಾತು. ಮೂರನೆಯ ನುಡಿಯಲ್ಲಿ ಮನೆಯ ಮುದುಕ ಹಾಸಿಗೆ ಹಿಡಿದಿದ್ದಾನೆ. ಅವನು ಅದೇ ಮಾತನ್ನು ಸಾವಿಗೆ ಹೇಳುತ್ತಾನೆ.

ಸಂಗೀತದಲ್ಲಿ ನಾನು ಮಾಡಿದ್ದು ಇಷ್ಟೇ. ಮೂರನೆಯ ಸಲಕ್ಕೆ ತಬಲಾ ಬಿಟ್ಟೆ. ‘ಒಳಗ ಬಾ’ ಎಂಬಲ್ಲಿ ಪೇಟಿಯನ್ನೂ ಬಿಟ್ಟೆ. ಉಳಿದದ್ದು ತಂಬೂರಿ. ಮೂರನೆಯ ಸಲಕ್ಕಾಗಿ ಹೊಸ ಧಾಟಿಯೊಂದನ್ನು ಮಾಡಿ ಇಟ್ಟುಕೊಂಡಿದ್ದೆ, ಅದನ್ನು ಹರಿದು ಹಾಕಿದೆ. ಅದೇ ಧಾಟಿ ಇದ್ದರೇನೇ ಅದೇ ಬಾಗಿಲು ಎಂದು ಕೇಳುವವರಿಗೆ ತಿಳಿಯುವುದು.

10. ಮಾತು ಅಳುತ್ತಿದ್ದರೆ ವಾದ್ಯ ಸುಮ್ಮನಿರಲಿ

ಒಂದು ನಾಟಕದ ದುಃಖದ ಹಾಡಿಗೆ ವಯಲಿನ್, ಶಹನಾಯಿ ಎರಡನ್ನೂ ಇಟ್ಟೆ, ಪ್ರತಿ ಸಾಲಿನ ಕಡೆಗೂ ಗಮಕ ತುಂಬಿದೆ. ತಾಲೀಮಿನಲ್ಲಿ ಹಿರಿಯ ನಟಿಯೊಬ್ಬರು ಕೈ ಎತ್ತಿದರು. ‘ಮಾಸ್ತರ್, ನೀವ ಎಲ್ಲಾ ಅತ್ತುಬಿಟ್ರ ಮಂದಿಗೆ ಏನ್ ಉಳೀತ್ರಿ?’ ಅಂದಿನಿಂದ ಅದನ್ನು ಪೇಟಿಯ ಮುಚ್ಚಳದ ಒಳಗೆ ಬರೆದಿಟ್ಟುಕೊಂಡಿದ್ದೇನೆ.

ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿನ ಸೋಬಾನ ಕೇಳಿ. ಅರಿಷಿಣ ಹಚ್ಚುವಾಗ, ಬೀಗರನ್ನು ಛೇಡಿಸುವಾಗ ಹಾಡಿದ ಧಾಟಿಯೇ ಎಷ್ಟೋ ಸಲ ಅಲ್ಲಿಯೂ. ಹಾಡುವ ಹೆಂಗಸರು ದನಿ ನಡುಗಿಸುವುದಿಲ್ಲ. ಧಾಟಿ ಸಮಾಧಾನವಾಗಿರುವುದರಿಂದಲೇ ಮಾತು ಎದೆಗೆ ನೇರ ಹೋಗುತ್ತದೆ, ನಿಂತವರ ಕಣ್ಣು ಒದ್ದೆಯಾಗುತ್ತದೆ.

ಇದರ ಇನ್ನೊಂದು ತುದಿಯೂ ಇದೆ. ಧಾರವಾಡದ ಬೇಂದ್ರೆಯವರದೊಂದು ಪದ್ಯ ಇದೆ, ಮಗು ತೀರಿಕೊಂಡಾಗ ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನ ಮಾತು. ಅದನ್ನು ಪ್ರೇಮಗೀತೆ ಎಂದುಕೊಂಡು, ತಲೆದೂಗುವ ಲಯದಲ್ಲಿ, ಮದುವೆಯ ಆರತಕ್ಷತೆಯಲ್ಲಿ ಹಾಡಿದ್ದನ್ನು ಕಂಡಿದ್ದೇನೆ. ಸ್ವರ ಒಂದೂ ತಪ್ಪಿರಲಿಲ್ಲ, ಉಚ್ಚಾರವೂ ಶುದ್ಧ. ಮಾತು ಯಾರದು, ಯಾವ ಹೊತ್ತಿನದು ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಧಾಟಿ ಹಾಕುವವನು ಪದ್ಯವನ್ನು ಓದಿದರೆ ಸಾಲದು, ಪದ್ಯ ಎಲ್ಲಿ ನಿಂತು ಮಾತಾಡುತ್ತಿದೆ ಎಂದು ನೋಡಬೇಕು. ಅಳುವ ವಾದ್ಯ ಬೇಡ, ಆದರೆ ಅಳು ಇದೆ ಎಂಬುದು ಧಾಟಿಗೆ ಗೊತ್ತಿರಬೇಕು.

11. ಕಡೆಯ ಸ್ವರವೇ ಕಡೆಯ ಮಾತು

ಮತ್ತೆ ಹೊಸ್ತಿಲಿಗೆ ಬರುತ್ತೇನೆ. ಒಂದು ನಾಟಕದಲ್ಲಿ ದುಡಿಯಲು ದೂರ ಹೊರಟ ಮಗನ ಹಾಡು ‘ಬರತೀನಿ ಯವ್ವಾ’ ಎಂದು ಮುಗಿಯುತ್ತಿತ್ತು. ನಾನು ಸಂಪ್ರದಾಯದಂತೆ ಷಡ್ಜಕ್ಕೆ ತಂದು ಕೂಡಿಸಿದೆ, ತಬಲಾದ ತಿಹಾಯಿಯೂ ಸಮಕ್ಕೆ ಬಂದು ಬಿತ್ತು. ತಾಯಿಯ ಪಾತ್ರ ಮಾಡುವಾಕೆ ಅಳುಕುತ್ತ ಹೇಳಿದಳು: ‘ಇಂವ ಇನ್ನ ಬರಂಗಿಲ್ಲ ಅನಸ್ತದ್ರಿ. ಆದ್ರ ಮೂರನೇ ಅಂಕದಾಗ ಬರತಾನಲ್ರಿ?’

ಅವಳ ಕಿವಿ ಸರಿ ಇತ್ತು. ಷಡ್ಜ ಅಂದರೆ ಮನೆ ಸೇರಿದ ಹಾಗೆ, ಬಾಗಿಲು ಹಾಕಿಕೊಂಡ ಹಾಗೆ. ‘ಯವ್ವಾ’ವನ್ನು ಪಂಚಮಕ್ಕೆ ಎತ್ತಿ ಅಲ್ಲೇ ಬಿಟ್ಟೆ, ತಿಹಾಯಿ ತೆಗೆಸಿದೆ. ಈಗ ಬಾಗಿಲು ಅರೆ ತೆರೆದಿತ್ತು. ನಿಷಾದದಲ್ಲಿ ನಿಲ್ಲಿಸಿಯೂ ನೋಡಿದೆವು: ಅದರಲ್ಲಿ ಅವನಿಗೆ ಹೋಗಲು ಮನಸ್ಸೇ ಇಲ್ಲ, ತಾಯಿ ‘ಬ್ಯಾಡ’ ಅಂದರೆ ನಿಂತುಬಿಡುತ್ತಾನೆ ಅನಿಸಿತು. ಒಂದೇ ಮಾತು, ಮೂರು ಸ್ವರ, ಮೂರು ಮಗ. ಪಂಚಮವನ್ನೇ ಉಳಿಸಿಕೊಂಡೆವು.

ಇಷ್ಟೆಲ್ಲ ಗೊತ್ತಿದ್ದವನು ನಾನು ಎಂಬ ಹಮ್ಮು ಇಳಿದದ್ದು ನನ್ನ ಪಡಸಾಲೆಯಲ್ಲೇ. ನಾಲ್ಕು ವರ್ಷ ತಪ್ಪದೆ ಪಾಠಕ್ಕೆ ಬರುತ್ತಿದ್ದ ಹುಡುಗಿಯೊಬ್ಬಳು ಒಂದು ಸಂಜೆ ಪುಸ್ತಕ ಮಡಚಿ, ಚಪ್ಪಲಿ ಮೆಟ್ಟಿ, ‘ಬರತೀನ್ರಿ ಸರ್’ ಅಂದಳು. ನಾನು ಯಾವುದೋ ಅಂತರಾಕ್ಕೆ ಸ್ವರ ಹುಡುಕುತ್ತ ತಲೆ ಎತ್ತದೆ ‘ಹೂಂ’ ಅಂದೆ. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ. ಅವಳ ಮನೆಯವರು ಊರು ಬಿಟ್ಟಿದ್ದರು ಎಂದು ಆಮೇಲೆ ಗೊತ್ತಾಯಿತು.

ಈಗ ನೆನೆಸಿಕೊಂಡರೆ ಅವಳು ‘ಸರ್’ ಅಂದದ್ದು ಪೂರ್ತಿ ಕೆಳಗಿನ ಷಡ್ಜದಲ್ಲಿ. ನಾನು ಮಾತು ಕೇಳಿದ್ದೆ, ಧಾಟಿ ಕೇಳಿರಲಿಲ್ಲ.